ಟ್ರೈನ್ 18ರಿಂದ ಇವತ್ತಿನ ವಂದೇ ಭಾರತ್ ತನಕ: ಬಣ್ಣ ಬಿಟ್ಟು ಬೇರೆ ಏನು ಬದಲಾಗಿದೆ?

ಕಡೂರು_ಲೂಪ್‌ಲೈನ್
ನಮ್ಮ ರಾಜ್ಯಕ್ಕೆ ಮೊದಲ ವಂದೇ ಭಾರತ್ ಬಂದದ್ದು 2022ರ ನವೆಂಬರ್ 11ಕ್ಕೆ, ಚೆನ್ನೈ–ಬೆಂಗಳೂರು–ಮೈಸೂರು. ಆಗ ಮಧ್ಯದಲ್ಲಿ ನಿಲ್ತಿದ್ದದ್ದು ಕಾಟ್ಪಾಡಿ, ಬೆಂಗಳೂರು ಎರಡೇ. ಅದೇ ಹಾದಿಯ ಶತಾಬ್ದಿಗೆ ಹೋಲಿಸಿದ್ರೆ ಪೂರ್ತಿ ಪ್ರಯಾಣದಲ್ಲಿ ಉಳಿಯೋದು ಅರ್ಧ ಗಂಟೆ ಆಸುಪಾಸು, ಟಿಕೆಟ್ ಮಾತ್ರ ಜಾಸ್ತಿ. ಹಾಗಾಗಿ ಮೂರು ಪ್ರಶ್ನೆ. ಈ ಗಾಡಿಯ ನಿಜವಾದ ಲಾಭ ಎಲ್ಲಿದೆ? 2018ರಲ್ಲಿ ಬಂದ ಟ್ರೈನ್ 18ಕ್ಕೂ (ವಂದೇ ಭಾರತ್‌ನ ಮೊದಲ ಹೆಸರು ಅದು) ಈಗ ಓಡ್ತಿರೋದಕ್ಕೂ ಒಳಗಿನ ವ್ಯತ್ಯಾಸ ಏನು? 2019ರಲ್ಲಿ ಎರಡು ರೇಕ್ (ಬೋಗಿಗಳ ಪೂರ್ತಿ ಜೋಡಣೆ, ಅಂದ್ರೆ ಒಂದು ಇಡೀ ಗಾಡಿ) ಬಿಟ್ಟು 2022ರ ತನಕ ಮೂರನೆಯದು ಯಾಕೆ ಬರಲಿಲ್ಲ? ತಾಂತ್ರಿಕ ವಿವರ ಗೊತ್ತಿರೋರು ಬರೀರಿ, ಪಕ್ಷ ರಾಜಕೀಯ ಬೇಡ.

ಸಿಗ್ನಲ್_ಹಳದಿ
ಗಂಟೆಗೆ 180 ಕಿ.ಮೀ.ನಲ್ಲಿ ಓಡೋ ಗಾಡಿನ 110ರಲ್ಲಿ ಓಡಿಸಿದ್ರೆ ಲಾಭ ಎಲ್ಲಿಂದ ಬರುತ್ತೆ?

ಆಕ್ಸಲ್_64
ಲಾಭ ಗರಿಷ್ಠ ವೇಗದಲ್ಲಿ ಇಲ್ಲ. ಎಷ್ಟು ಬೇಗ ವೇಗ ಹಿಡಿಯುತ್ತೆ, ಎಷ್ಟು ಬೇಗ ನಿಲ್ಲುತ್ತೆ ಅನ್ನೋದರಲ್ಲಿದೆ. ಈ ಗಾಡಿ ಅರ್ಥ ಆಗ್ಬೇಕಾದ್ರೆ ಮೊದಲು 180 ಅನ್ನೋ ಸಂಖ್ಯೆನ ತಲೆಯಿಂದ ತೆಗೀಬೇಕು.

16 ಬೋಗಿ, ಬೋಗಿಗೆ 4 ಆಕ್ಸಲ್ (ಎರಡು ಗಾಲಿ ಸೇರಿಸೋ ಅಚ್ಚು), ಒಟ್ಟು 64. ಅದರಲ್ಲಿ 8 ಮೋಟಾರ್ ಬೋಗಿ, ಅಂದ್ರೆ 32 ಆಕ್ಸಲ್‌ಗೆ ಗಾಲಿ ತಿರುಗಿಸೋ ಒಂದೊಂದು ಟ್ರ್ಯಾಕ್ಷನ್ ಮೋಟಾರ್. ಶತಾಬ್ದಿನ ಎಳೆಯೋ ಡಬ್ಲ್ಯುಎಪಿ-7 ಲೋಕೊಗೆ (ಎಂಜಿನ್‌ಗೆ) ಇರೋದು 6 ಆಕ್ಸಲ್, ತೂಕ 123 ಟನ್, 6350 ಅಶ್ವಶಕ್ತಿ. ಹಳಿ ಮೇಲೆ ಎಷ್ಟು ಜೋರಾಗಿ ತಳ್ಳಬಹುದು ಅನ್ನೋದು ಮೋಟಾರ್ ಇರೋ ಗಾಲಿಗಳ ಮೇಲೆ ಎಷ್ಟು ಭಾರ ಕೂತಿದೆ ಅನ್ನೋದರ ಮೇಲೆ ನಿಲ್ಲುತ್ತೆ. ಲೋಕೊ ಗಾಡಿಯಲ್ಲಿ ಆ 123 ಟನ್ ಅಷ್ಟೇ ಕೆಲಸಕ್ಕೆ ಬರೋದು, ಹಿಂದಿನ ಬೋಗಿಗಳ ಭಾರವೆಲ್ಲ ಬರೀ ಹೊರೆ. ವಂದೇ ಭಾರತ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಗಾಡಿಯ ಭಾರ ಮೋಟಾರ್ ಗಾಲಿಗಳ ಮೇಲೇ ಇದೆ. ಮಳೆಗೆ ಹಳಿ ಒದ್ದೆಯಾದಾಗ ಲೋಕೊ ಗಾಲಿ ಜಾರುತ್ತೆ, ಚಾಲಕ ಎಳೆತ ಕಡಿಮೆ ಮಾಡಿ ಮರಳು ಬಿಡ್ಬೇಕಾಗುತ್ತೆ. 32 ಆಕ್ಸಲ್‌ಗೆ ಹಂಚಿದಾಗ ಒಂದೊಂದರ ಮೇಲಿನ ಎಳೆತ ಅಷ್ಟು ಕಡಿಮೆ, ಆ ತೊಂದರೆ ಬಹಳ ಮಟ್ಟಿಗೆ ಇಲ್ಲ.

2022ರಲ್ಲಿ ಬಂದ ಎರಡನೇ ಆವೃತ್ತಿಗೆ ರೈಲ್ವೆ ಕೊಟ್ಟ ಅಂಕಿ: 0ಯಿಂದ 100ಕ್ಕೆ 52 ಸೆಕೆಂಡ್, 160ಕ್ಕೆ 129 ಸೆಕೆಂಡ್.

ವರ್ಕಿಂಗ್_ಟೈಮ್‌ಟೇಬಲ್
@ಆಕ್ಸಲ್_64 ಹೇಳಿದ್ದಕ್ಕೆ ಲೆಕ್ಕ ಸೇರಿಸ್ತೀನಿ. ವೇಗ ಒಂದೇ ಸಮ ಏರುತ್ತೆ ಅಂದ್ಕೊಳ್ಳಿ. 100 ಮುಟ್ಟೋಕೆ 52 ಸೆಕೆಂಡ್ ತಗೊಂಡ್ರೆ, ನಿಲ್ಲದೆ 100ರಲ್ಲೇ ಹೋಗೋ ಗಾಡಿಗಿಂತ ನಷ್ಟ ಆಗೋದು ಅದರ ಅರ್ಧ, 26 ಸೆಕೆಂಡ್. ಲೋಕೊ ಗಾಡಿಗೆ ಅದೇ 100ಕ್ಕೆ 150 ಸೆಕೆಂಡ್ ಅಂತ ಇಟ್ಕೊಂಡ್ರೆ ನಷ್ಟ 75. ಅಂದ್ರೆ ಒಂದು ಸಲ ನಿಂತು ಹೊರಟರೆ 49 ಸೆಕೆಂಡ್ ಉಳಿತಾಯ, ಬ್ರೇಕ್ ಕಡೆಯದು ಬೇರೆ.

ನಿಲ್ದಾಣಕ್ಕಿಂತ ಮುಖ್ಯವಾದದ್ದು ಕಾಷನ್, ಅಂದ್ರೆ ಇಲ್ಲಿ ನಿಧಾನ ಹೋಗಿ ಅನ್ನೋ ಆದೇಶ. ಸೇತುವೆ ಕೆಲಸ, ಹಳಿ ಬದಲಾವಣೆ, ಯಾರ್ಡಿನ ತಿರುವು, ಎಲ್ಲ ಕಡೆ 30ಕ್ಕೆ ಇಳಿಸಬೇಕು. 30ರಿಂದ ಮತ್ತೆ 100 ಹಿಡಿಯೋದರಲ್ಲಿ ಮೇಲಿನದೇ ಲೆಕ್ಕಕ್ಕೆ ಸುಮಾರು 24 ಸೆಕೆಂಡ್ ಉಳಿಯುತ್ತೆ. 500 ಕಿ.ಮೀ. ಹಾದಿಯಲ್ಲಿ ಇಂಥವು ಹತ್ತು ಹನ್ನೆರಡು ಬಂದ್ರೂ ಸೇರಿ ಐದು ನಿಮಿಷ. ಅರ್ಧ ಗಂಟೆಯಲ್ಲಿ ಉಳಿದದ್ದು ವೇಳಾಪಟ್ಟಿಯಲ್ಲಿ ಇಟ್ಟ ಸಡಿಲ ಸಮಯ ಕಡಿಮೆ ಮಾಡಿದ್ದರಿಂದ, ಎದುರಿಗೆ ಬರೋ ಗಾಡಿನ ಪಕ್ಕಕ್ಕೆ ನಿಲ್ಲಿಸಿ ಇದಕ್ಕೆ ದಾರಿ ಬಿಡೋದರಿಂದ. ಅದು ಗಾಡಿಯ ಗುಣ ಅಲ್ಲ, ಗಾಡಿಗಳ ಓಡಾಟ ನಿರ್ಧರಿಸೋ ಕಂಟ್ರೋಲ್ ಆಫೀಸಿನ ತೀರ್ಮಾನ.

ಸಿಗ್ನಲ್_ಹಳದಿ
ಹಾಗಾದ್ರೆ ನನ್ನ ಮಾತೇ ನಿಜ ಆಯ್ತಲ್ಲ. ಶತಾಬ್ದಿಗೂ ಹಾಗೇ ದಾರಿ ಬಿಟ್ಟರೆ ಅದೂ ಓಡುತ್ತೆ.

ಆಕ್ಸಲ್_64
ಸ್ವಲ್ಪ ಮಟ್ಟಿಗೆ ಓಡುತ್ತೆ. ಆದ್ರೆ ಎರಡು ವಿಷಯ ಬಿಟ್ಟಿದ್ದೀರಿ. ಒಂದು, ಕೊನೆಯ ನಿಲ್ದಾಣದಲ್ಲಿ ಲೋಕೊ ಬಿಚ್ಚಿ ಇನ್ನೊಂದು ತುದಿಗೆ ಕಟ್ಟೋ ಕೆಲಸ ಇಲ್ಲ. ಎರಡೂ ಕಡೆ ಚಾಲಕರ ಕ್ಯಾಬ್ ಇದೆ, ಅದಕ್ಕೇ ಮೈಸೂರಿಗೆ ಮಧ್ಯಾಹ್ನ ಬಂದ ರೇಕ್ ಮುಕ್ಕಾಲು ಗಂಟೆಯಲ್ಲಿ ವಾಪಸ್ ಹೊರಟು ರಾತ್ರಿ ಊಟದ ಹೊತ್ತಿಗೆ ಚೆನ್ನೈ ಸೇರುತ್ತೆ. ಒಂದೇ ರೇಕ್ ದಿನಕ್ಕೆ ಸುಮಾರು 1000 ಕಿ.ಮೀ. ದುಡಿಯುತ್ತೆ. ಎರಡು, ಬ್ರೇಕ್ ಹಾಕಿದಾಗ ಆ 32 ಮೋಟಾರ್‌ಗಳೇ ಜನರೇಟರ್ ಆಗಿ ತಂತಿಗೆ ವಿದ್ಯುತ್ ವಾಪಸ್ ಕಳಿಸ್ತವೆ. ರೈಲ್ವೆ ಹೇಳೋ ಉಳಿತಾಯ ಶೇ 30ರ ಹತ್ತಿರ. ಬ್ರೇಕ್ ಪ್ಯಾಡ್ ಸವೆಯೋದೂ ಕಡಿಮೆ.

ಹುಬ್ಬಳ್ಳಿ_ಡೀಸೆಲ್‌ಶೆಡ್
ನಮ್ಮ ಕಡೆ ಲೆಕ್ಕಾನೂ ನೋಡ್ರಿ. ಬೆಂಗಳೂರು–ಧಾರವಾಡ ಗಾಡಿ 2023ರ ಜೂನ್ 27ಕ್ಕ ಶುರುವಾತು. ಸುಮಾರು 490 ಕಿ.ಮೀ.ಗೆ ಆರೂವರೆ ತಾಸಿನ ಆಸುಪಾಸು, ಸರಾಸರಿ 76 ಬರ್ತದ. ಯಶವಂತಪುರ, ದಾವಣಗೆರೆ, ಹುಬ್ಬಳ್ಳಿ ಇಷ್ಟಾ ನಿಲ್ದಾಣ ಇಟ್ಟು ಬಿಟ್ಟಿದ್ರು. ಈ ಹಾದಿಗೆ ಜೋಡಿ ಹಳಿ ಆಗಿ, ತಂತಿ ಎಳೆದು ಮುಗಿದ ಮ್ಯಾಲೇ ಗಾಡಿ ಬಂತು ಅನ್ನೋದು ಮರೀಬ್ಯಾಡ್ರಿ. ಒಂಟಿ ಹಳಿ ಇದ್ದಾಗ ಎಂಥಾ ಗಾಡಿ ತಂದ್ರೂ ಕ್ರಾಸಿಂಗ್‌ಗೆ ನಿಂತಾ ನಿಲ್ತಿತ್ತು. ದುಡಿದದ್ದು ಹಳಿ ಹಾಕಿದವರು, ಹೆಸರು ಬಂದದ್ದು ಗಾಡಿಗೆ.

ವರ್ಕಿಂಗ್_ಟೈಮ್‌ಟೇಬಲ್
ಸರಿಯಾಗಿ ಹೇಳಿದ್ರಿ. ಮಾಹಿತಿ ಹಕ್ಕಿನ ಉತ್ತರದಲ್ಲಿ ರೈಲ್ವೆಯೇ ಕೊಟ್ಟ ಅಂಕಿ ಇದೆ: ಎಲ್ಲ ವಂದೇ ಭಾರತ್‌ಗಳ ಸರಾಸರಿ 2020–21ರಲ್ಲಿ ಗಂಟೆಗೆ 84.48 ಕಿ.ಮೀ., 2023–24ರಲ್ಲಿ 76.25. ಗಾಡಿ ಕೆಟ್ಟಿತು ಅಂತಲ್ಲ. ಮೊದಲಿದ್ದದ್ದು ದೆಹಲಿ–ವಾರಾಣಸಿ ಥರದ ಹಾದಿ, 759 ಕಿ.ಮೀ.ಗೆ 8 ಗಂಟೆ, ಸರಾಸರಿ 95. ಆಮೇಲೆ ಕೊಂಕಣ, ಕೇರಳದಂಥ ತಿರುವಿನ ಹಾದಿಗಳಿಗೂ ಬಂತು. ಅದರ ಜೊತೆ ಎಲ್ಲೆಲ್ಲೂ ಹಳಿ ಕೆಲಸದ ಕಾಷನ್.

ಸಿಗ್ನಲ್_ಹಳದಿ
160ಕ್ಕೆ ಅನುಮತಿ ಇರೋ ಹಾದಿ ಎಲ್ಲಿ?

ವರ್ಕಿಂಗ್_ಟೈಮ್‌ಟೇಬಲ್
ತುಘಲಕಾಬಾದ್–ಆಗ್ರಾ ಕಂಟೋನ್ಮೆಂಟ್. 2016ರಲ್ಲಿ ಗತಿಮಾನ್ ಎಕ್ಸ್‌ಪ್ರೆಸ್ 160ರಲ್ಲಿ ಓಡಿದ್ದೂ ಅಲ್ಲೇ, ಅದೂ ಲೋಕೊ ಕಟ್ಟಿದ ಎಲ್‌ಎಚ್‌ಬಿ ಅನ್ನೋ ಜರ್ಮನ್ ವಿನ್ಯಾಸದ ಬೋಗಿಗಳಲ್ಲಿ. ನಮ್ಮ ಕಡೆ ಬಹುತೇಕ 110, ಇಲ್ಲಾಂದ್ರೆ 130.

ಪೆರಂಬೂರು_ಶೆಲ್
ಮೂಲ ಪ್ರಶ್ನೆಗೆ ಬರ್ತೀನಿ, ಇತಿಹಾಸ ಇಲ್ಲದೆ ವ್ಯತ್ಯಾಸ ಗೊತ್ತಾಗಲ್ಲ.

ಚೆನ್ನೈನ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ, ಅಂದ್ರೆ ಐಸಿಎಫ್, ಆಗ ಅದರ ಜನರಲ್ ಮ್ಯಾನೇಜರ್ ಸುಧಾಂಶು ಮಣಿ. ಹೊರಗಿನಿಂದ ಪೂರ್ತಿ ಗಾಡಿ ತರಿಸೋ ಯೋಚನೆ ವರ್ಷಗಟ್ಟಲೆ ನಡೀತಿತ್ತು, 2016ರಲ್ಲಿ ಸ್ಪೇನಿನ ಟಾಲ್ಗೊ ರೇಕ್ ತಂದು ದೆಹಲಿ–ಮುಂಬೈ ಪರೀಕ್ಷೆನೂ ಮಾಡಿದ್ರು. ಐಸಿಎಫ್ ಹೇಳಿದ್ದು, ನಾವೇ ಮಾಡ್ತೀವಿ, ಪರೀಕ್ಷೆಗೆ ಬೇಕಾದ ಹಣ ಕೊಡಿ ಅಂತ. ಸುಮಾರು 18 ತಿಂಗಳಲ್ಲಿ, 100 ಕೋಟಿ ರೂಪಾಯಿ ಆಸುಪಾಸಿನಲ್ಲಿ ಮೊದಲ ರೇಕ್ ಆಯ್ತು. 2018ರ ಅಕ್ಟೋಬರ್ 29ಕ್ಕೆ ಹೊರಗೆ ಬಂತು. ಪ್ರೊಪಲ್ಷನ್, ಅಂದ್ರೆ ಗಾಡಿ ಓಡಿಸೋ ವಿದ್ಯುತ್ ಉಪಕರಣ, ಹೈದರಾಬಾದಿನ ಮೇಧಾ ಕಂಪನಿಯದು.

ರಚನೆ ಹೀಗೆ: ನಾಲ್ಕು ಬೋಗಿಗೆ ಒಂದು ಘಟಕ. ಅದರಲ್ಲಿ ಎರಡು ಮೋಟಾರ್ ಬೋಗಿ, ಪ್ಯಾಂಟೋಗ್ರಾಫ್ (ತಂತಿಯಿಂದ ವಿದ್ಯುತ್ ತಗೊಳ್ಳೋ ತೋಳು) ಮತ್ತು ಟ್ರಾನ್ಸ್‌ಫಾರ್ಮರ್ ಇರೋದು ಒಂದು, ಮೋಟಾರಿಲ್ಲದ ಇನ್ನೊಂದು ಟ್ರೈಲರ್. ತಂತಿಯಿಂದ 25 ಕೆ.ವಿ. ಬರುತ್ತೆ, ಟ್ರಾನ್ಸ್‌ಫಾರ್ಮರ್ ಇಳಿಸುತ್ತೆ, ಐಜಿಬಿಟಿ ಕನ್ವರ್ಟರ್ ಅದನ್ನ ಮೂರು ಫೇಸ್ ಮಾಡಿ ಎರಡೂ ಮೋಟಾರ್ ಬೋಗಿಗೆ ಕೊಡುತ್ತೆ. ಇಂಥ ನಾಲ್ಕು ಘಟಕ ಸೇರಿ 16 ಬೋಗಿ. ಎಲ್ಲ ಯಂತ್ರಾನೂ ನೆಲದ ಕೆಳಗೇ ತೂಗುಬಿಟ್ಟಿರೋದರಿಂದ ಒಳಗೆ ಪೂರ್ತಿ ಜಾಗ ಪ್ರಯಾಣಿಕರಿಗೆ. ನಮ್ಮ ಹಳೇ ಮೆಮು (ಹತ್ತಿರದ ಊರುಗಳ ವಿದ್ಯುತ್ ಗಾಡಿ) ಗಳಲ್ಲಿ ಮೋಟಾರ್ ಬೋಗಿಯ ಒಂದಷ್ಟು ಭಾಗ ಯಂತ್ರಕ್ಕೇ ಹೋಗ್ತಿತ್ತು. ಪೆರಂಬೂರಿನವರು ದಾಟಿದ ದೊಡ್ಡ ಮೆಟ್ಟಿಲು ಇದು ಅಂತ ನನ್ನ ಗಟ್ಟಿ ಅಭಿಪ್ರಾಯ, ಹೊರಗಿನ ಮೂತಿಯ ಆಕಾರ ಅಲ್ಲ.

ಬೋಗಿ_ಸಿ8
180 ಮುಟ್ಟಿದ್ದು ಚೆನ್ನೈ ಹತ್ತಿರ ಅಲ್ವಾ?

ಪೆರಂಬೂರು_ಶೆಲ್
ಅಲ್ಲ. ಕೋಟಾ–ಸವಾಯಿ ಮಾಧೋಪುರ ನಡುವೆ, 2018ರ ಡಿಸೆಂಬರ್ ಆರಂಭದಲ್ಲಿ. ಅದಕ್ಕೂ ಮೊದಲು ಮೊರಾದಾಬಾದ್–ಬರೇಲಿ ಕಡೆ ಓಡಿಸಿದ್ರು. ಉದ್ಘಾಟನೆ 2019ರ ಫೆಬ್ರವರಿ 15, ಹೊಸದಿಲ್ಲಿ–ವಾರಾಣಸಿ. ಜನ ಟಿಕೆಟ್ ತಗೊಂಡು ಹತ್ತಿದ್ದು ಫೆಬ್ರವರಿ 17ರಿಂದ. ಎರಡನೇ ರೇಕ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಕಟ್ರಾಕ್ಕೆ.

ಬೋಗಿ_ಸಿ8
ಆ ನಡುವಿನ ದಿನ, ಫೆಬ್ರವರಿ 16ಕ್ಕೆ, ವಾರಾಣಸಿಯಿಂದ ವಾಪಸ್ ಬರೋವಾಗ ಟುಂಡ್ಲಾ ಹತ್ತಿರ ನಿಂತದ್ದನ್ನೂ ಬರೀಬೇಕು. ಸರಿ, ಅವತ್ತು ನಿಜವಾಗಿ ಆಗಿದ್ದೇನು?

ಆಕ್ಸಲ್_64
ದನಕ್ಕೆ ಡಿಕ್ಕಿ ಆಗಿರಬಹುದು ಅಂತ ರೈಲ್ವೆ ಹೇಳಿತು. ಹಿಂದಿನ ನಾಲ್ಕು ಬೋಗಿಗೆ ವಿದ್ಯುತ್ ಹೋಯ್ತು, ಬ್ರೇಕ್ ಹಿಡ್ಕೊಂಡಿತು. ನಾಲ್ಕೇ ಯಾಕೆ? ಮೇಲೆ ಹೇಳಿದ ಘಟಕದ ರಚನೆ ನೋಡಿ, ಒಂದು ಘಟಕ ಪೂರ್ತಿ ಸಂಪರ್ಕ ಕಳ್ಕೊಂಡಿದೆ. ಇದರಲ್ಲಿ ಒಳ್ಳೇದೂ ಇದೆ: ಒಂದು ಘಟಕ ಸತ್ತರೆ ಉಳಿದ ಮೂರು ಗಾಡಿನ ಎಳೀತವೆ. ಆದ್ರೆ ಬ್ರೇಕ್ ಹಿಡಿದ ಬೋಗಿಗಳಲ್ಲಿ ಅದನ್ನ ಬಿಡಿಸದೆ ಎಳೆದ್ರೆ ಗಾಲಿ ಉಜ್ಜಿ ಸಪಾಟಾಗುತ್ತೆ, ಹಾಗಾಗಿ ಮೊದಲು ಅಲ್ಲಿಗೇ ಹೋಗಿ ಬ್ರೇಕ್ ಐಸೊಲೇಟ್ ಮಾಡ್ಬೇಕು, ಅಂದ್ರೆ ಆ ಬೋಗಿಯ ಬ್ರೇಕನ್ನ ಸಂಪರ್ಕದಿಂದ ಬಿಡಿಸ್ಬೇಕು. ಕಟ್ರಾ ರೇಕ್‌ಗೆ ಮೂತಿ ಕೆಳಗಿನ ಕ್ಯಾಟಲ್ ಗಾರ್ಡ್ ಬಲಪಡಿಸಿದ್ರು, ಕಿಟಕಿಗೆ ಕಲ್ಲೇಟು ತಡೆಯೋ ಫಿಲ್ಮ್ ಹಾಕಿದ್ರು.

ತುಂಗಭದ್ರಾ_ಸ್ಪ್ಯಾನ್
ಕಲ್ಲು ಹೊಡೆಯೋದು ಇನ್ನೂ ನಿಂತಿಲ್ಲ. ರೈಲ್ವೆ ಕಾಯ್ದೆಯ ಕಲಂ 153ರಲ್ಲಿ 5 ವರ್ಷದ ತನಕ ಜೈಲಿದೆ ಅಂತ ಹಳಿ ಪಕ್ಕದ ಊರಿನ ಶಾಲೆಗಳಲ್ಲೇ ಹೇಳಬೇಕು. ಗಾಜು ಬದಲಿಸೋ ಖರ್ಚಿಗಿಂತ ಒಳಗೆ ಕೂತವರ ಕಣ್ಣು ದೊಡ್ಡದು.

ಕಡೂರು_ಲೂಪ್‌ಲೈನ್
ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 2019ರಿಂದ 2022?

ಪೆರಂಬೂರು_ಶೆಲ್
ಕಾರಣ ಒಂದಲ್ಲ. ಮೊದಲನೆಯದು, ಖರೀದಿ ಬಗ್ಗೆ ವಿಜಿಲೆನ್ಸ್ ತನಿಖೆ ಶುರುವಾಯ್ತು. ಗಾಡಿ ಮಾಡಿದ ತಂಡದ ಅಧಿಕಾರಿಗಳು ವರ್ಷಗಟ್ಟಲೆ ವಿವರಣೆ ಕೊಡ್ತಾ ಕೂತರು, ಕೊನೆಗೆ ಆರೋಪದಿಂದ ಮುಕ್ತರಾದ್ರು. ಅಷ್ಟರಲ್ಲಿ ಕೈಯಲ್ಲಿದ್ದ ವೇಗ ಹೋಗಿತ್ತು. ದೇಶಕ್ಕೆ ಆದ ನಷ್ಟ ಅದು, ಅದನ್ನ ಸಣ್ಣದು ಮಾಡಿ ಹೇಳೋಕೆ ನನಗೆ ಮನಸ್ಸಿಲ್ಲ.

ಎರಡನೆಯದು ಟೆಂಡರ್. 44 ರೇಕ್‌ಗೆ ಕರೆದ ಟೆಂಡರ್ ತೆರೆದಾಗ ಆರು ಬಿಡ್, ಅದರಲ್ಲಿ ಒಂದು ಚೀನಾ ಕಂಪನಿಯ ಪಾಲು ಇದ್ದ ಜಂಟಿ ಸಂಸ್ಥೆಯದು. ಚೀನಾ ಜೊತೆ ಗಾಲ್ವಾನ್ ಸಂಘರ್ಷ ಆದ ವರ್ಷ ಅದು. 2020ರ ಆಗಸ್ಟ್‌ನಲ್ಲಿ ಟೆಂಡರ್ ರದ್ದು. ಮತ್ತೆ ಕರೆದಾಗ ಕನಿಷ್ಠ ಶೇ 75ರಷ್ಟು ದೇಶೀಯ ಭಾಗ ಇರಲೇಬೇಕು ಅನ್ನೋ ಷರತ್ತು. 2021ರ ಜನವರಿಯಲ್ಲಿ ಮೇಧಾಗೆ 44 ರೇಕ್‌ನ ಉಪಕರಣದ ಗುತ್ತಿಗೆ ಸಿಕ್ತು, ಸುಮಾರು 2,211 ಕೋಟಿ. ಜೊತೆಗೆ ಕೋವಿಡ್. ಆಮೇಲೆ ಗಾಲಿ ತೊಂದರೆ.

ಯಲಹಂಕ_ಗಾಲಿ
ಗಾಲಿ ಕಥೆ ನಾನು ಬರೀತೀನಿ. ಗಾಲಿಗಳ ಆರ್ಡರ್ ಹೋಗಿದ್ದು ಯುಕ್ರೇನ್‌ಗೆ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾಗಿ ಹಡಗಿನ ದಾರಿ ಮುಚ್ಚಿತು. ಪರೀಕ್ಷೆಯ ರೇಕ್‌ಗಳು ನಿಲ್ಲಬಾರದು ಅಂತ 128 ಗಾಲಿನ ಲಾರಿಯಲ್ಲಿ ಪಕ್ಕದ ರೊಮೇನಿಯಾಕ್ಕೆ ಸಾಗಿಸಿ ಅಲ್ಲಿಂದ ವಿಮಾನದಲ್ಲಿ ತಂದ್ರು.

"ನಮ್ಮ ಯಲಹಂಕದಲ್ಲೇ ಗಾಲಿ ಕಾರ್ಖಾನೆ ಇದೆಯಲ್ಲ" ಅಂತ ತುಂಬಾ ಜನ ಕೇಳ್ತಾರೆ. 1984ರಿಂದ ಇದೆ, ಒಳ್ಳೇ ಕಾರ್ಖಾನೆ. ಆದ್ರೆ ಅಲ್ಲಿ ಆಗೋದು ಎರಕದ ಗಾಲಿ, ಕರಗಿದ ಉಕ್ಕನ್ನ ಗ್ರಾಫೈಟ್ ಅಚ್ಚಿಗೆ ಹುಯ್ದು ಮಾಡೋದು. ವಂದೇ ಭಾರತ್‌ಗೆ ಬೇಕಿರೋದು ಫೋರ್ಜ್ಡ್ ಗಾಲಿ, ಕಾದ ಉಕ್ಕಿನ ಗಟ್ಟಿನ ಭಾರೀ ಪ್ರೆಸ್‌ನಲ್ಲಿ ಒತ್ತಿ ಉರುಳಿಸಿ ಮಾಡೋದು. ವೇಗ, ಬ್ರೇಕ್‌ನ ಕಾವು ಹೆಚ್ಚಾದಷ್ಟೂ ಒಳಗೆ ಸಣ್ಣ ಗುಳ್ಳೆ, ಬಿರುಕು ಇರಬಾರದು, ಅದಕ್ಕೆ ಫೋರ್ಜಿಂಗ್. ಅದು ದುರ್ಗಾಪುರ ಉಕ್ಕಿನ ಕಾರ್ಖಾನೆ, ರಾಯ್ ಬರೇಲಿ ಕಡೆ ಆಗುತ್ತೆ.

ಬೋಗಿ_ಸಿ8
ಗಾಲಿ ಮಾತು ಬಂದದ್ದಕ್ಕೆ, 2022ರ ಅಕ್ಟೋಬರ್ 8ಕ್ಕೆ ವಾರಾಣಸಿ ವಂದೇ ಭಾರತ್‌ನ ಗಾಲಿ ಜಾಮ್ ಆಯ್ತಲ್ಲ, ಅದೂ ಇದೇ ಸಮಸ್ಯೆನಾ?

ಆಕ್ಸಲ್_64
ಅದಲ್ಲ. ಅವತ್ತು ಸಿ8 ಬೋಗಿಯ ಟ್ರ್ಯಾಕ್ಷನ್ ಮೋಟಾರ್‌ನ ಬೇರಿಂಗ್ ಕೆಟ್ಟದ್ದು. ದನಕೌರ್–ವೈರ್ ನಡುವೆ ಹಳಿ ಪಕ್ಕದ ಸಿಬ್ಬಂದಿ ಕಂಡು ಗಾಡಿ ನಿಲ್ಲಿಸಿದ್ರು. ಅವರಿಗೆ ದೊಡ್ಡ ನಮಸ್ಕಾರ.

ಏನಾಗುತ್ತೆ ಅಂದ್ರೆ, ಮೋಟಾರ್ ಗೇರ್ ಮೂಲಕ ಆಕ್ಸಲ್‌ಗೆ ಕಟ್ಟಿರುತ್ತೆ. ಬೇರಿಂಗ್ ಹಿಡ್ಕೊಂಡ್ರೆ ಮೋಟಾರ್ ತಿರುಗಲ್ಲ, ಮೋಟಾರ್ ತಿರುಗದಿದ್ರೆ ಆಕ್ಸಲ್ ತಿರುಗಲ್ಲ. ಉಳಿದ 31 ಮೋಟಾರ್ ಆಕ್ಸಲ್ ಗಾಡಿನ ಎಳ್ಕೊಂಡು ಹೋಗ್ತಿರ್ತವೆ, ಈ ಒಂದು ಜೋಡಿ ಗಾಲಿ ಮಾತ್ರ ಹಳಿ ಮೇಲೆ ಜಾರುತ್ತೆ. ಉಜ್ಜಿದ ಜಾಗ ಚಪ್ಪಟೆ. ಅವತ್ತಿನ ಚಪ್ಪಟೆ 80 ಮಿ.ಮೀ. ಪ್ರಯಾಣಿಕ ಬೋಗಿಗೆ ನಿಯಮದ ಮಿತಿ 50 ಮಿ.ಮೀ. ಜಾಮ್ ಬಿಡಿಸಿದ ಮೇಲೂ ಗಂಟೆಗೆ 20 ಕಿ.ಮೀ.ನಲ್ಲಿ ಖುರ್ಜಾ ತನಕ ತಂದು, ಪ್ರಯಾಣಿಕರನ್ನ ಶತಾಬ್ದಿ ರೇಕ್‌ಗೆ ಹತ್ತಿಸಿದ್ರು. ಚಪ್ಪಟೆ ಗಾಲಿ ಒಂದೊಂದು ಸುತ್ತಿಗೂ ಹಳಿಗೆ ಹೊಡೀತಿರುತ್ತೆ. ವೇಗ ಹೆಚ್ಚಿದ್ರೆ ಹಳಿಯೇ ಬಿರುಕು ಬಿಡಬಹುದು, ಅದಕ್ಕೇ 20.

ಹೆಚ್ಚು ಮೋಟಾರ್ ಅಂದ್ರೆ ಹೆಚ್ಚು ಬೇರಿಂಗ್, ಹೆಚ್ಚು ತಪಾಸಣೆ. ವಾರಕ್ಕೊಂದು ದಿನ ಈ ಗಾಡಿಗಳಿಗೆ ರಜೆ ಇಡೋದು ಸುಮ್ಮನೆ ಅಲ್ಲ.

ಸಿಗ್ನಲ್_ಹಳದಿ
ಅದೇ ನೋಡಿ. ಲೋಕೊ ಕೆಟ್ಟರೆ ಇನ್ನೊಂದು ಲೋಕೊ ತಂದು ಕಟ್ಟಿ ಅರ್ಧ ಗಂಟೆಯಲ್ಲಿ ಹೊರಡಬಹುದು. ಇದು ಪೂರ್ತಿ ಕೆಟ್ಟರೆ?

ಕೋಚಿಂಗ್_ಪಿಟ್‌ಲೈನ್
ಇದಕ್ಕೂ ಲೋಕೊ ಕಟ್ಟಬಹುದು, ಆದ್ರೆ ಕೆಲಸ ಹೆಚ್ಚು. ಮೂತಿಯ ಫೈಬರ್ ಮುಚ್ಚಳ ತೆರೀಬೇಕು, ಒಳಗೆ ಆಟೊಮ್ಯಾಟಿಕ್ ಕಪ್ಲರ್ ಇದೆ. ನಮ್ಮ ಲೋಕೊಗಳ ಕಪ್ಲರ್ ಬೇರೆ ಥರದ್ದು, ಹಾಗಾಗಿ ನಡುವೆ ಟ್ರಾನ್ಸಿಷನ್ ಕಪ್ಲರ್ ಹಾಕಬೇಕು. ಆಮೇಲೆ ಬ್ರೇಕ್ ಪೈಪ್ ಜೋಡಿಸಿ, ಒತ್ತಡ ತುಂಬಿಸಿ, ಪ್ರತಿ ಬೋಗಿಯ ಬ್ರೇಕ್ ಬಿಟ್ಟಿದೆಯಾ ಅಂತ ನೋಡಿ, ಆಮೇಲೆ ಹೊರಡೋದು. 2024ರ ಸೆಪ್ಟೆಂಬರ್‌ನಲ್ಲಿ ಇಟಾವಾ ಹತ್ತಿರ ವಾರಾಣಸಿ ಗಾಡಿ ನಿಂತಾಗ ಗೂಡ್ಸ್ ಲೋಕೊ ಕಟ್ಟಿ ಎಳೆದದ್ದು ಹೀಗೇ.

ದೊಡ್ಡ ತೊಂದರೆ ಎಳೆಯೋದಲ್ಲ. ಗಾಡಿ ಸ್ವಂತವಾಗಿ ತಂತಿಯಿಂದ ವಿದ್ಯುತ್ ತಗೊಳ್ಳೋಕೆ ಆಗದಿದ್ರೆ ಎಸಿ ನಿಲ್ಲುತ್ತೆ, ಬ್ಯಾಟರಿಯಲ್ಲಿ ತುರ್ತು ದೀಪ, ಸ್ವಲ್ಪ ಗಾಳಿ ಅಷ್ಟೇ. ಕಿಟಕಿ ತೆಗೆಯೋಕೆ ಬರಲ್ಲ. ಬೇಸಿಗೆಯಲ್ಲಿ ಹತ್ತು ಹದಿನೈದು ನಿಮಿಷಕ್ಕೇ ಒಳಗೆ ಉಸಿರು ಕಟ್ಟುತ್ತೆ. ಅದಕ್ಕೇ ಮೊದಲು ಮಾಡಬೇಕಾದ್ದು ಪ್ಲಾಟ್‌ಫಾರಂ ಇರೋ ಹತ್ತಿರದ ನಿಲ್ದಾಣಕ್ಕೆ ತಂದು ಬಾಗಿಲು ಕೈಯಲ್ಲಿ ತೆಗೆಯೋದು.

ತುಂಗಭದ್ರಾ_ಸ್ಪ್ಯಾನ್
ಎರಡನೇ ಆವೃತ್ತಿಯಲ್ಲಿ ತುರ್ತು ಕಿಟಕಿ ಹೆಚ್ಚು ಮಾಡಿದ್ದು ಇದಕ್ಕೇನಾ?

ಪೆರಂಬೂರು_ಶೆಲ್
ಹೌದು, ಪ್ರತಿ ಬೋಗಿಗೆ ನಾಲ್ಕು ತುರ್ತು ಕಿಟಕಿ ಬಂದದ್ದು ಆಗಲೇ. 2022ರ ಸೆಪ್ಟೆಂಬರ್ 30ಕ್ಕೆ ಗಾಂಧಿನಗರ–ಮುಂಬೈ ಹಾದಿಯಲ್ಲಿ ಶುರುವಾದ ರೇಕ್‌ನಿಂದ ಬದಲಾದದ್ದು, ನನಗೆ ಮುಖ್ಯ ಅನ್ನಿಸಿದ ಅನುಕ್ರಮದಲ್ಲಿ:

ನೆಲದ ಕೆಳಗಿನ ಯಂತ್ರಗಳು 400 ಮಿ.ಮೀ. ನೀರು ತಡೀತಿದ್ದವು, ಈಗ 650. ಮುಂಬೈ ಮಳೆ ಗೊತ್ತಿರೋರಿಗೆ ಇದರ ಬೆಲೆ ಗೊತ್ತು. ಎಲ್ಲಾನೂ ಕೆಳಗೇ ಇಟ್ಟದ್ದಕ್ಕೆ ಕೊಡಬೇಕಾದ ಬೆಲೆ ನೀರು, ಆ ದೌರ್ಬಲ್ಯಕ್ಕೆ ಸರಿಯಾದ ಉತ್ತರ ಇದೇ. ಆಮೇಲೆ ಕವಚ್, ಅಂದ್ರೆ ಗಾಡಿಗಳ ಡಿಕ್ಕಿ ತಪ್ಪಿಸೋಕೆ ತಾನಾಗೇ ಬ್ರೇಕ್ ಹಾಕೋ ವ್ಯವಸ್ಥೆ. ಆದ್ರೆ ಗಾಡಿಯಲ್ಲಿ ಇದ್ದರೆ ಸಾಲದು, ಹಳಿ ಬದಿಯಲ್ಲೂ ನಿಲ್ದಾಣದಲ್ಲೂ ಅಳವಡಿಸಿದ್ರೆ ಮಾತ್ರ ಅದು ಕೆಲಸ ಮಾಡೋದು. ಸೀಟು: ಮೊದಲ ರೇಕ್‌ಗಳ ಚೇರ್ ಕಾರ್ ಸೀಟಿನ ಬಗ್ಗೆ ಬೆನ್ನು ನೋವಿನ ದೂರು ಬಹಳ ಇತ್ತು, ಬೆನ್ನು ಹಿಂದಕ್ಕೆ ಬಾಗೋ ಸೀಟು ಬಂತು.

2023ರಲ್ಲಿ ಕೇಸರಿ ಬಣ್ಣದ ರೇಕ್‌ಗಳ ಜೊತೆ ಇನ್ನೊಂದಿಷ್ಟು ತಿದ್ದುಪಡಿ. ಸೀಟು ಬಾಗೋ ಕೋನ 17.31 ಡಿಗ್ರಿಯಿಂದ 19.37ಕ್ಕೆ, ಮೆತ್ತೆ ಸ್ವಲ್ಪ ಮೆತ್ತಗೆ, ಕೈ ತೊಳೆಯೋ ಬೇಸಿನ್ ಆಳ ಹೆಚ್ಚಾಗಿ ನೀರು ಹೊರಗೆ ಚೆಲ್ಲೋದು ಕಡಿಮೆ, ಚಾರ್ಜಿಂಗ್ ಪಾಯಿಂಟ್ ಕೈಗೆಟುಕೋ ಹಾಗೆ. ಬಣ್ಣ ಬಿಟ್ಟರೆ ಏನೂ ಇಲ್ಲ ಅನ್ನೋರು ಈ ಪಟ್ಟಿ ನೋಡಬೇಕು.

ಬೋಗಿ_ಸಿ8
2 ಡಿಗ್ರಿಯಲ್ಲಿ ಏನು ಮಹಾ ವ್ಯತ್ಯಾಸ?

ಕೋಚಿಂಗ್_ಪಿಟ್‌ಲೈನ್
ಮೂರು ಗಂಟೆ ಪ್ರಯಾಣಕ್ಕೆ ಇಲ್ಲ. ಮಧುರೈ–ಬೆಂಗಳೂರಿನಂಥ ಎಂಟು ಗಂಟೆ ಹಾದಿಗೆ ಇದೆ. ನಿಜ ಹೇಳಬೇಕಂದ್ರೆ ಚೇರ್ ಕಾರ್ ಗಾಡಿ ಆರು ಗಂಟೆ ದಾಟಬಾರದು.

ಹುಬ್ಬಳ್ಳಿ_ಡೀಸೆಲ್‌ಶೆಡ್
ಊಟದ್ದೂ ಒಂದು ಮಾತು. ಟಿಕೆಟ್ ತೆಗಸುವಾಗ ಊಟ ಬ್ಯಾಡ ಅಂತ ಆರಿಸಬಹುದು, ಅಷ್ಟು ರೊಕ್ಕ ಕಡಿಮಿ ಆಗ್ತದ. ಭಾಳ ಮಂದಿಗೆ ಗೊತ್ತಿಲ್ಲ. ಹುಬ್ಬಳ್ಳಿಗೆ ಮಧ್ಯಾಹ್ನ ಇಳಿದು ಬಿಸಿ ರೊಟ್ಟಿ ಉಣ್ಣೋರು ಅದನ್ನ ಮಾಡ್ರಿ.

ತುಂಗಭದ್ರಾ_ಸ್ಪ್ಯಾನ್
ರೊಟ್ಟಿ ಜೊತೆ ಎಣ್ಣೆಗಾಯಿ ಎಲ್ಲಿ ಚೆನ್ನಾಗಿ ಸಿಗುತ್ತೆ ಸ್ಟೇಷನ್ ಹತ್ತಿರ?

ಕಡೂರು_ಲೂಪ್‌ಲೈನ್
ಊಟಕ್ಕೆ ಬೇರೆ ಎಳೆ ತೆಗೀರಿ ದಯವಿಟ್ಟು. ದನದ ಡಿಕ್ಕಿ ವಿಷಯ ಅರ್ಧಕ್ಕೆ ನಿಂತಿದೆ. ಒಂದು ಎಮ್ಮೆಗೆ ಮೂತಿ ಒಡೆದು ಹೋಗೋದು ಗಾಡಿ ಗಟ್ಟಿ ಇಲ್ಲ ಅಂತಲ್ವಾ?

ಆಕ್ಸಲ್_64
ಇದು ಎಲ್ಲರೂ ತಪ್ಪು ತಿಳ್ಕೊಂಡಿರೋ ವಿಷಯ. ಮೂತಿ ಇರೋದು ಗಾಳಿ ಸೀಳೋಕೆ, ಕಪ್ಲರ್ ಮುಚ್ಚೋಕೆ. ಫೈಬರ್‌ನದು, ಸ್ಕೂಟರ್‌ನ ಮಡ್‌ಗಾರ್ಡ್ ಇದ್ದ ಹಾಗೆ, ಹೊಡೆತ ಬಿದ್ದರೆ ಒಡೀಬೇಕು, ಬದಲಿಸಬೇಕು. ಭಾರ ಹೊರೋ ಉಕ್ಕಿನ ಚೌಕಟ್ಟು ಅದರ ಹಿಂದಿದೆ. 2022ರ ಅಕ್ಟೋಬರ್ 6ಕ್ಕೆ ವಟವಾ–ಮಣಿನಗರ ನಡುವೆ ಎಮ್ಮೆಗಳಿಗೆ ಡಿಕ್ಕಿ ಆಗಿ ಮೂತಿ ಪೂರ್ತಿ ಹೋಯ್ತು. ಮುಂಬೈ ಸೆಂಟ್ರಲ್ ಡಿಪೋದಲ್ಲಿ ರಾತ್ರೋರಾತ್ರಿ ಬದಲಿಸಿ ಮರುದಿನ ಗಾಡಿ ಓಡಿಸಿದ್ರು. ಆ ಮರುದಿನವೇ ಆಣಂದ್ ಹತ್ತಿರ ಹಸುವಿಗೆ ತಾಗಿತು.

ಪರಿಹಾರ ಗಾಡಿಯಲ್ಲಿ ಇಲ್ಲ, ಬೇಲಿಯಲ್ಲಿದೆ. ಪಶ್ಚಿಮ ರೈಲ್ವೆ ಮುಂಬೈ–ಅಹಮದಾಬಾದ್ ನಡುವೆ 620 ಕಿ.ಮೀ. ಆಸುಪಾಸು ಹೆದ್ದಾರಿಯಲ್ಲಿ ಇರೋ ಥರದ ಲೋಹದ ಪಟ್ಟಿ ಬೇಲಿ ಹಾಕಿತು, ಸುಮಾರು 245 ಕೋಟಿ. ಜೊತೆಗೆ ಆಚೀಚೆ ದಾಟೋಕೆ ಕೆಳಸೇತುವೆ ಕೊಡಬೇಕು. ಕೊಡದಿದ್ರೆ ಹೊಲ ಆಚೆ ಇರೋ ರೈತ ಬೇಲಿ ಕೀಳದೆ ಏನು ಮಾಡ್ತಾನೆ?

ಪಡೀಲ್_ಬೈಪಾಸ್
ಕರಾವಳಿ ವಿಷಯಕ್ಕೆ ಬನ್ನಿ. ಮಂಗಳೂರು–ಮಡಗಾಂವ್ 2023ರ ಡಿಸೆಂಬರ್ 30ಕ್ಕೆ ಬಂತು, ತಿರುವನಂತಪುರದ ಗಾಡಿನೂ ಮಂಗಳೂರು ತನಕ ವಿಸ್ತರಣೆ ಆಯಿತು. ಆದರೆ ಬೆಂಗಳೂರಿಗೆ? ಘಾಟಿಯೇ ಅಡ್ಡಿ ಅಂತ ಹೇಳ್ತಾ ಬಂದರು. ಗಾಡಿಗೆ ಘಾಟಿ ಹತ್ತಲು ಆಗುವುದಿಲ್ಲವಾ?

ಆಕ್ಸಲ್_64
ಹತ್ತೋದರಲ್ಲಿ ಈ ಗಾಡಿಗೆ ಯಾವ ಕಷ್ಟಾನೂ ಇಲ್ಲ, 32 ಮೋಟಾರ್ ಇರೋದು ಅದಕ್ಕೇ ಸರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ 55 ಕಿ.ಮೀ., ಏರು 1:50, ಅಂದ್ರೆ 50 ಮೀಟರ್‌ಗೆ 1 ಮೀಟರ್. ಮುಂಬೈ–ಪುಣೆ ಭೋರ್ ಘಾಟ್ ಅದಕ್ಕಿಂತ ಕಡಿದು, 1:37. ಅಲ್ಲಿ ಬೇರೆ ಗಾಡಿಗಳಿಗೆ ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಲೋಕೊ ಕಟ್ತಾರೆ. 2023ರ ಫೆಬ್ರವರಿ 10ಕ್ಕೆ ಶುರುವಾದ ಮುಂಬೈ–ಸೊಲ್ಲಾಪುರ ವಂದೇ ಭಾರತ್ ಬ್ಯಾಂಕರ್ ಇಲ್ಲದೆ ಹತ್ತುತ್ತೆ. ಅದಕ್ಕೆ ಮಾಡಬೇಕಾದ ಮುಖ್ಯ ಸಿದ್ಧತೆ ಪಾರ್ಕಿಂಗ್ ಬ್ರೇಕ್: ಇಳಿಜಾರಲ್ಲಿ ವಿದ್ಯುತ್ ಹೋಗಿ, ಗಾಳಿಯ ಒತ್ತಡ ಸೋರಿದ್ರೂ ಗಾಡಿ ಹಿಂದಕ್ಕೆ ಜಾರಬಾರದು.

ನಮ್ಮ ಘಾಟಿಯಲ್ಲಿ ಅಡ್ಡಿ ಇದ್ದದ್ದು ತಂತಿ. ತಂತಿ ಇಲ್ಲದ ಕಡೆ ಈ ಗಾಡಿ ಒಂದು ಮೀಟರ್ ಕೂಡ ಹೋಗಲ್ಲ. ಸುರಂಗಗಳ ಒಳಗೆ ಮೇಲಿನ ಅಂತರ ಹೊಂದಿಸಿ, ಸೋರೋ ಬಂಡೆಗೆ ಬ್ರಾಕೆಟ್ ಕೂರಿಸಿ, ಮಳೆಗಾಲದಲ್ಲಿ ಕೆಲಸ ನಿಲ್ಲಿಸಿ ಮಾಡಿದ ಕೆಲಸ ಅದು.

ಪಡೀಲ್_ಬೈಪಾಸ್
ಅಂದರೆ ತಂತಿ ಬಂದ ಕೂಡಲೇ ನಾಲ್ಕು ಗಂಟೆಯಲ್ಲಿ ಬೆಂಗಳೂರು?

ವರ್ಕಿಂಗ್_ಟೈಮ್‌ಟೇಬಲ್
ಇಲ್ಲ. ಘಾಟಿಯಲ್ಲಿ ಮಿತಿ 30. ತಿರುವು, ಇಳಿಜಾರಿಗಾಗಿ ಇಟ್ಟದ್ದು ಅದು, ಗಾಡಿಯ ಶಕ್ತಿ ನೋಡಿ ಅಲ್ಲ. 55 ಕಿ.ಮೀ. ಅಂದ್ರೆ ಘಾಟಿಗೇ ಎರಡು ಗಂಟೆ ಹತ್ತಿರ ಹೋಗುತ್ತೆ, ಅದೂ ಒಂಟಿ ಹಳಿ. ಸಮಯ ಉಳಿಯೋದು ಹಾಸನ–ಬೆಂಗಳೂರು ನಡುವೆ ಮಾತ್ರ. ಘಾಟಿಯಲ್ಲಿ ಉಳಿಸ್ತೀವಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ತುಂಗಭದ್ರಾ_ಸ್ಪ್ಯಾನ್
ಬಿಇಎಂಎಲ್ ಸ್ಲೀಪರ್ ಬಗ್ಗೆ ಯಾರೂ ಬರೆದಿಲ್ಲ. ಬೆಂಗಳೂರಲ್ಲೇ ಆದದ್ದಲ್ವಾ?

ಪೆರಂಬೂರು_ಶೆಲ್
ಹೌದು, ಐಸಿಎಫ್ ಪರವಾಗಿ ಬಿಇಎಂಎಲ್ ಮಾಡಿದ್ದು, ಮೊದಲ ಆರ್ಡರ್ 10 ರೇಕ್. ಮಾದರಿನ 2024ರ ಸೆಪ್ಟೆಂಬರ್ 1ಕ್ಕೆ ಬೆಂಗಳೂರಿನಲ್ಲೇ ತೋರಿಸಿದ್ರು. 16 ಬೋಗಿ: 11 ತ್ರೀ ಟಯರ್, 4 ಟೂ ಟಯರ್, 1 ಫಸ್ಟ್ ಎಸಿ. ಮಲಗೋ ಜಾಗ 611, 188, 24, ಸೇರಿ 823. ಕೋಟಾ ವಿಭಾಗದಲ್ಲಿ 180ರ ಪರೀಕ್ಷೆ ಇದಕ್ಕೂ ಆಯ್ತು. ಬೆಂಕಿ ಸುರಕ್ಷತೆಗೆ ಯುರೋಪಿನ ಇಎನ್ 45545 ಮಾನದಂಡದ ಎಚ್‌ಎಲ್3 ಮಟ್ಟ. ಮಲಗಿರೋ ಪ್ರಯಾಣಿಕರು ಎದ್ದು ಹೊರಗೆ ಬರೋಕೆ ಹೆಚ್ಚು ಹೊತ್ತು ಬೇಕು, ಹಾಗಾಗಿ ಸ್ಲೀಪರ್‌ನಲ್ಲಿ ಈ ವಿಷಯಕ್ಕೆ ರಾಜಿ ಆಗಲೇಬಾರದು.

ಸಿಗ್ನಲ್_ಹಳದಿ
ಸ್ಲೀಪರ್‌ಗೆ ಅಷ್ಟು ಬೇಗ ವೇಗ ಹಿಡಿಯೋದು ಬೇಕಾ? ರಾತ್ರಿ ಗಾಡಿಗೆ ನಿಲ್ದಾಣವೇ ಕಡಿಮೆ. ಲೋಕೊ ಗಾಡಿ ಸಾಕು ಅಂತ ನಾನು ಈಗಲೂ ಹೇಳ್ತೀನಿ.

ಆಕ್ಸಲ್_64
ರಾತ್ರಿ ಗಾಡಿಗೂ ಕಾಷನ್ ಇದೆ, ಸಿಗ್ನಲ್ ಇದೆ. ಇನ್ನೊಂದು, ಲೋಕೊ ಗಾಡಿಯಲ್ಲಿ ಹೊರಡುವಾಗ ಕಪ್ಲರ್ ಎಳೆದು ಜಗ್ಗೋ ಹೊಡೆತ ಇದೆಯಲ್ಲ, ಮಲಗಿದವರಿಗೆ ಎಚ್ಚರ ಆಗೋದು ಅದರಿಂದಲೇ. ಇಲ್ಲಿ ಬೋಗಿಗಳ ನಡುವೆ ಸೆಮಿ ಪರ್ಮನೆಂಟ್ ಕಪ್ಲರ್, ಸಡಿಲವೇ ಇಲ್ಲ. ಆದ್ರೆ ಮೋಟಾರ್ ಬೋಗಿಯ ಕೆಳಗಿನ ಸದ್ದಿನ ಬಗ್ಗೆ ನಿಮ್ಮ ಆಕ್ಷೇಪ ಇದ್ದರೆ ಅದನ್ನ ಒಪ್ತೀನಿ.

ಬೋಗಿ_ಸಿ8
ಕೊನೆಗೊಂದು. 8, 16, 20 ಬೋಗಿಯಲ್ಲಿ ಸೀಟು ಎಷ್ಟೆಷ್ಟು? ಒಂದೊಂದು ಕಡೆ ಒಂದೊಂದು ಸಂಖ್ಯೆ ಬರೀತಾರೆ.

ಕೋಚಿಂಗ್_ಪಿಟ್‌ಲೈನ್
ನೀವೇ ಕೂಡಿ ನೋಡಬಹುದು. ಎಕ್ಸಿಕ್ಯುಟಿವ್ ಬೋಗಿಗೆ 52, ಚಾಲಕರ ಕ್ಯಾಬ್ ಇರೋ ತುದಿ ಬೋಗಿಗೆ 44, ಉಳಿದ ಚೇರ್ ಕಾರ್‌ಗೆ 78.
8 ಬೋಗಿ: 52 + 88 + 390 = 530.
16 ಬೋಗಿ: 104 + 88 + 936 = 1128.
20 ಬೋಗಿ: 104 + 88 + 1248 = 1440.
ತುದಿ ಬೋಗಿಯಲ್ಲಿ ಸೀಟು ಕಡಿಮೆ ಇರೋದು ಕ್ಯಾಬ್‌ಗೆ, ಗಾಲಿಕುರ್ಚಿಯವರ ಜಾಗಕ್ಕೆ, ದೊಡ್ಡ ಶೌಚಾಲಯಕ್ಕೆ. ಗಾಲಿಕುರ್ಚಿ ಬಳಸೋರು ಬುಕ್ ಮಾಡುವಾಗ ತುದಿ ಬೋಗಿಯನ್ನೇ ಆರಿಸಿ.

ಹುಬ್ಬಳ್ಳಿ_ಡೀಸೆಲ್‌ಶೆಡ್
ಬೆಂಗಳೂರು–ಧಾರವಾಡಕ್ಕ ಶುರುವಿನ್ಯಾಗ ಕೊಟ್ಟದ್ದು 8 ಬೋಗಿ, ಅಂದ್ರ 530. ಹಬ್ಬದ ಹೊತ್ತಿನ್ಯಾಗ ವೇಟಿಂಗ್ ಲಿಸ್ಟ್ ಯಾಕ ಅಷ್ಟು ಉದ್ದ ಅಂತ ಈಗ ತಿಳೀತಲ್ರಿ. 16 ಮಾಡ್ಬೇಕಂದ್ರ ಬರೇ ಬೋಗಿ ಸಾಲಂಗಿಲ್ಲ, ಅಷ್ಟು ಉದ್ದದ ಪಿಟ್‌ಲೈನೂ (ಕೆಳಗ ಇಳಿದು ಗಾಡಿ ತಪಾಸಣೆ ಮಾಡೋ ಹಳಿ) ಬೇಕು.

ಕೋಚಿಂಗ್_ಪಿಟ್‌ಲೈನ್
384 ಮೀಟರ್ ಗಾಡಿ ನಿಲ್ಲೋ ಪಿಟ್ ಬೇಕು. ಜೊತೆಗೆ ಗಾಲಿಜೋಡಿನ ಗಾಡಿಯಿಂದ ಬಿಚ್ಚದೆ ಕೆತ್ತಿ ಮತ್ತೆ ದುಂಡಗೆ ಮಾಡೋ ಪಿಟ್ ವೀಲ್ ಲೇತ್ ಯಂತ್ರ ಬೇಕು. ಬೋಗಿಗಳನ್ನ ಸುಲಭಕ್ಕೆ ಬಿಡಿಸೋಕೆ ಬರದ ರೇಕ್ ಇದು, ಲೇತ್ ಇಲ್ಲದ ಡಿಪೋಗೆ ಕೊಟ್ಟರೆ ಒಂದು ಚಪ್ಪಟೆ ಗಾಲಿಗೆ ಪೂರ್ತಿ ಗಾಡಿ ನಿಲ್ಲುತ್ತೆ.